ನೀಲಗಂಗವ್ವ ತಗೊಂಡ ಉಸಿರು

ನಮ್ಮೂರಿನಿಂದ ಆಚೆ ದಡಕ್ಕೆ ಹೋಗಬೇಕಾದರೆ ದೋಣಿ ಬೇಕು, ಹುಟ್ಟು ಹಾಕುವವನು ಬೇಕು, ಹಾಡು ಬೇಕು. ಮೊದಲೆರಡು ಇದ್ದು ಹಾಡಿಲ್ಲದಿದ್ದರೆ ದೋಣಿ ಹತ್ತು ಮಾರು ಹೋಗಿ, ತಾನಾಗಿಯೇ ಮೂತಿ ತಿರುಗಿಸಿಕೊಂಡು ಕಟ್ಟೆಗೆ ಬಂದು ನಿಲ್ಲುತ್ತದೆ. ನಡುನೀರಿನಲ್ಲಿ ಹಾಡು ಕಡಿದರೂ ಅಷ್ಟೇ. ಯಾರೂ ಮುಳುಗುವುದಿಲ್ಲ, ಯಾರ ಕೂದಲೂ ಕೊಂಕುವುದಿಲ್ಲ. ಎಷ್ಟು ಹುಟ್ಟು ಹಾಕಿದರೂ ಹೊರಟ ದಡಕ್ಕೇ ವಾಪಸ್ಸು. ಹೊರಡುವಾಗ ಯಾರ ದನಿಯೋ ಮುಟ್ಟುವಾಗಲೂ ಅದೇ ದನಿ ಇರಬೇಕು. ಒಬ್ಬರಿಗೆ ದಣಿವಾಯಿತೆಂದು ಮತ್ತೊಬ್ಬರು ಎತ್ತಿಕೊಂಡರೆ ಕೆರೆ ಒಪ್ಪುವುದಿಲ್ಲ.

ಆ ಕೆರೆಯಲ್ಲಿ ಮೂರು ಪಟ್ಟಿಗಳಿವೆ. ನಮ್ಮ ಕಡೆಯಿಂದ ಹೊರಟರೆ ಮೊದಲು ಜೊಂಡಿನ ಪಟ್ಟಿ, ಆಮೇಲೆ ಆಳದ ಪಟ್ಟಿ, ಕೊನೆಗೆ ಕಲ್ಲಿನ ಪಟ್ಟಿ. ಗಡಿಗೆ ಒಂದೊಂದು ಮರದ ಕಂಬ ನೆಟ್ಟಿದ್ದಾರೆ. ಮೂರಕ್ಕೂ ಬೇರೆ ಬೇರೆ ಹಾಡು. ಹಾಡುಗಳೇನೂ ಉದ್ದವಲ್ಲ, ಮೂರು ನಾಲ್ಕು ನಿಮಿಷದವು. ಕಂಬ ಬರುವವರೆಗೆ ಅದನ್ನೇ ಸುತ್ತಿ ಸುತ್ತಿ ಹಾಡುತ್ತಿರಬೇಕು, ಕಂಬ ಬಂದೊಡನೆ ಮುಂದಿನದಕ್ಕೆ ಜಾರಬೇಕು. ಗಾಳಿ ಬೆನ್ನಿಗಿದ್ದರೆ ಒಂದು ಗಂಟೆಯ ದಾರಿ. ಗಾಳಿ ಎದುರಾದರೆ ಎಷ್ಟು ಹೊತ್ತೆಂದು ಯಾರೂ ಹೇಳಲಾರರು. ಸುತ್ತಿ ಹೋಗೋಣವೆಂದರೆ ಉಳಿದ ಕಡೆಯೆಲ್ಲ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ಕೆಸರು.

ನಾವು ಇದಕ್ಕೆ ಹೊಂದಿಕೊಂಡು ಬದುಕಿದ್ದೇವೆ. ಆಚೆ ದಡದಲ್ಲಿ ಕೆಲಸವಿದ್ದರೆ ಮೂರು ದಿನ ಮೊದಲೇ ಹೊರಡುತ್ತೇವೆ. ಕಟ್ಟೆಯ ಮೇಲೆ ಒಂದು ಚಹಾದಂಗಡಿ ಇದೆ, ತಿರುಗಿ ಬಂದವರಿಗಾಗಿಯೇ ಹುಟ್ಟಿಕೊಂಡದ್ದು. ದೋಣಿ ವಾಪಸ್ಸು ಬರುವುದು ಕಂಡೊಡನೆ ಅಂಗಡಿಯವನು ಒಲೆ ಹೊತ್ತಿಸುತ್ತಾನೆ. ಒಬ್ಬ ಮದುಮಗ ಬಾಸಿಂಗ ಕಟ್ಟಿಕೊಂಡು ನಾಲ್ಕು ಸಲ ತಿರುಗಿ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಐದನೆಯ ಸಲ ದಾಟಿದ, ಮದುವೆಯೂ ಆಯಿತು, ಈಗ ಅವನಿಗೆ ಇಬ್ಬರು ಹೆಣ್ಣುಮಕ್ಕಳು.

ಆ ನಾಲ್ಕು ಸಲ ಹಾಡಿದವರು ಬೇರೆಯವರು, ಐದನೆಯ ಸಲ ಅವನನ್ನು ದಾಟಿಸಿದವಳು ನೀಲಗಂಗವ್ವ. ಮೂವತ್ತೆಂಟು ವರ್ಷ ನಮ್ಮೂರನ್ನು ಆಚೆಗೂ ಈಚೆಗೂ ಸಾಗಿಸಿದ್ದು ಅವಳ ದನಿ. ಅವಳಿಗಿಂತ ಮೊದಲು ಹಾಡುವವರು ಏಳೆಂಟು ಮಂದಿ ಇದ್ದರಂತೆ. ಒಬ್ಬೊಬ್ಬರಾಗಿ ಹೋದರು. ಅವಳ ಅಕ್ಕನ ಮಗಳು ಗಿರಿಜವ್ವ ಕಲಿತಳು, ಆದರೆ ಕಲ್ಲಿನ ಪಟ್ಟಿ ಮುಟ್ಟುವಷ್ಟರಲ್ಲಿ ಅವಳ ಗಂಟಲು ಒಣಗಿ ಹಾಡು ಕಡಿಯುತ್ತಿತ್ತು. ದಪ್ಪ ನೂಲಿನ ಸೀರೆ, ಹಣೆಯಲ್ಲಿ ವಿಭೂತಿ, ಎಲೆ ಅಡಿಕೆಯ ಸಂಚಿ, ನೀಲಗಂಗವ್ವ ಎಂದರೆ ಇಷ್ಟೇ. ದನಿ ಇಂಪಾಗಿತ್ತೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಬಾವಿಯ ಹಗ್ಗದ ಹಾಗೆ ಒರಟಾಗಿತ್ತು. ಹಗ್ಗದ ಹಾಗೆಯೇ ಗಟ್ಟಿಯಾಗಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಹೊಟ್ಟೆಯಲ್ಲಿ ಕರುಳು ಬಾತು, ಇವತ್ತೇ ಕೊಯ್ಯದಿದ್ದರೆ ಉಳಿಯುವುದಿಲ್ಲ ಎಂದರು. ಆಸ್ಪತ್ರೆ ಇರುವುದು ಆಚೆ ದಡದಲ್ಲಿ. ಆ ದಿನ ಗಾಳಿ ಎದುರು. ಐದೂವರೆ ಗಂಟೆ ಹಿಡಿಯಿತು. ಐದೂವರೆ ಗಂಟೆಯೂ ನೀಲಗಂಗವ್ವ ಹಾಡಿದಳು, ಒಂದು ಗುಟುಕು ನೀರು ಕುಡಿಯಲಿಲ್ಲ, ಕುಡಿದರೆ ಹಾಡು ಕಡಿಯುತ್ತದಲ್ಲ. ನನಗೆ ನೆನಪಿರುವುದು ಅವಳ ಕಾಲಿನ ಬೆಳ್ಳಿ ಕಡಗ ಮಾತ್ರ, ನನ್ನ ತಲೆ ಅದರ ಪಕ್ಕದಲ್ಲಿತ್ತು. ಉಳಿದದ್ದನ್ನು ನನ್ನ ತಾಯಿ ಸಾಯುವವರೆಗೆ ವರ್ಷಕ್ಕೆ ಒಂದು ಸಲವಾದರೂ ಹೇಳುತ್ತಿದ್ದಳು. ಇಳಿದ ಮೇಲೆ ತಾಯಿ ಕಾಲಿಗೆ ಬಿದ್ದರೆ ನೀಲಗಂಗವ್ವ ಮಾತಾಡಲಾರದೆ ಕೈಯಾಡಿಸಿ "ಮೊದಲು ಹೋಗು, ಹೋಗು" ಎಂದು ಆಸ್ಪತ್ರೆಯ ಕಡೆ ತೋರಿಸಿದಳಂತೆ.

ಆ ಹುಡುಗಿ ದೊಡ್ಡವಳಾಗಿ ಕಟ್ಟೆಯ ಹತ್ತಿರವೇ ರೇಡಿಯೋ, ಮೊಬೈಲ್ ರಿಪೇರಿಯ ಅಂಗಡಿ ಇಟ್ಟಳು. ಊರಿನವರು ನನ್ನನ್ನು ರಿಪೇರಿ ದಾಕ್ಷಾಯಣಿ ಎನ್ನುತ್ತಾರೆ.

ಹೋದ ಯುಗಾದಿಯ ಹೊತ್ತಿಗೆ ನೀಲಗಂಗವ್ವನ ದನಿ ಒಡೆಯತೊಡಗಿತು. ಮೊದಲು ಶೀತ ಎಂದುಕೊಂಡೆವು. ಶುಂಠಿ, ಜ್ಯೇಷ್ಠಮಧು, ಬಿಸಿನೀರು ಎಲ್ಲವೂ ಆಯಿತು. ಒಂದು ಬುಧವಾರ ಆಳದ ಪಟ್ಟಿಯ ನಡುವೆ ಅವಳ ಬಾಯಿ ಆಡುತ್ತಿತ್ತು, ದನಿ ಮಾತ್ರ ಹೊರಡಲಿಲ್ಲ. ದೋಣಿ ತಿರುಗಿತು. ಅವಳು ಹಾಡುವಾಗ ದೋಣಿ ತಿರುಗಿದ್ದು ಎಷ್ಟೋ ವರ್ಷಗಳ ಮೇಲೆ. ಕಟ್ಟೆಗೆ ಬಂದಾಗ ಚಹಾದಂಗಡಿಯವನು ಒಲೆ ಹೊತ್ತಿಸದೆ ಹಾಗೆಯೇ ನಿಂತಿದ್ದ.

ವಾರದೊಳಗೆ ಮಾತೂ ಹೋಯಿತು. ಮಕ್ಕಳ ಸ್ಲೇಟೊಂದನ್ನು ತರಿಸಿಕೊಂಡು ಅದರ ಮೇಲೆ ಬರೆದು ತೋರಿಸುತ್ತಿದ್ದಳು. ನಾನು ಫೋನಿನಲ್ಲಿ ಆಚೆ ದಡದ ಡಾಕ್ಟರನ್ನು ಹಿಡಿದು, ಅವಳ ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ಗಂಟಲನ್ನು ವಿಡಿಯೋದಲ್ಲಿ ತೋರಿಸಿದೆ. ಕಾಣುವಷ್ಟು ಕಂಡದ್ದೇ ಅವರಿಗೆ ಸಾಕಾಯಿತು. "ಒಂದು ಗಡ್ಡೆ ಇದ್ದ ಹಾಗಿದೆ. ಇಪ್ಪತ್ತು ದಿನದೊಳಗೆ ಇಲ್ಲಿಗೆ ಕರೆದುಕೊಂಡು ಬನ್ನಿ. ತಡವಾದರೆ ಉಸಿರಾಟಕ್ಕೇ ತೊಂದರೆ," ಎಂದರು. ನೀವೇ ಬನ್ನಿ ಎಂದು ಕೇಳಿದೆ. ಅವರಾದರೂ ಹೇಗೆ ಬಂದಾರು? ಎರಡೂ ದಡಕ್ಕೆ ಇದ್ದದ್ದು ಒಬ್ಬಳೇ ಹಾಡುವವಳು.

ಫೋನಿಟ್ಟ ಮೇಲೆ ನೀಲಗಂಗವ್ವ ನಕ್ಕಳು. ಸ್ಲೇಟಿನ ಮೇಲೆ ಬರೆದಳು: "ಎಲ್ಲಾರನ್ನೂ ದಾಟಿಸಿದೆ. ನನ್ನ ದಾಟಸೋರು ಯಾರು?" ಬರೆದು, ನಾನು ಓದಿದೆನೋ ಇಲ್ಲವೋ, ಸೆರಗಿನಿಂದ ಒರೆಸಿಬಿಟ್ಟಳು.

ಗಿರಿಜವ್ವ ಮೂರು ದಿನ ಪ್ರಯತ್ನ ಮಾಡಿದಳು. ಮೂರು ದಿನವೂ ದೋಣಿ ತಿರುಗಿತು. ಮೂರನೆಯ ದಿನ ದೋಣಿಕಾರ ಹುಸೇನಪ್ಪ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಐವತ್ತು ದಾಟಿದವನು, ಕೈಗಳು ಹುಟ್ಟಿನ ಮರದಷ್ಟೇ ಕಪ್ಪಗೆ, ಗಟ್ಟಿಯಾಗಿ. ಕೂತಲ್ಲೇ ಕೇಳಿದ, "ದಾಕ್ಷಾಯಣವ್ವ, ಆ ಟೀಚರಮ್ಮ ಬಂದಾಗ ಅವ್ವನ ಹಾಡು ಹಿಡಕೊಂಡು ಹೋಗಿದ್ರಲ್ಲ, ಅವು ಎಲ್ಲಿ ಅದಾವ?"

ಅವು ನನ್ನ ಹತ್ತಿರವೇ ಇದ್ದವು. ಹನ್ನೆರಡು ವರ್ಷದ ಹಿಂದೆ ಸಂಗೀತದ ಪ್ರಫುಲ್ಲಾ ಟೀಚರ್ ನಮ್ಮೂರ ಶಾಲೆಯಲ್ಲಿದ್ದರು. ಊರು ಬಿಡುವ ಮೊದಲು ದೋಣಿಯಲ್ಲಿ ಕೂತು ಮೂರೂ ಹಾಡುಗಳ ಒಂದೊಂದು ಸುತ್ತನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಮೂಲದ ಟೇಪು ನೀರು ನುಗ್ಗಿ ಹಾಳಾಯಿತು. ಅದಕ್ಕೆ ಮೊದಲೇ ಅವರು ಹಾಡುಗಳನ್ನು ಕಂಪ್ಯೂಟರಿನಲ್ಲಿ ಒತ್ತಿ ಚಿಕ್ಕದು ಮಾಡಿ, ಮೂರು ಫೈಲುಗಳಾಗಿಸಿ ಒಂದು ಪೆನ್‌ಡ್ರೈವಿನಲ್ಲಿ ನನಗೆ ಕೊಟ್ಟಿದ್ದರು. "ಇಟ್ಟುಕೊಂಡಿರು ದಾಕ್ಷಾಯಣಿ, ಹಾಡು ಒಂದೇ ಕಡೆ ಇರಬಾರದು," ಎಂದಿದ್ದರು. ನಾನು ಡ್ರಾಯರಿನ ಮೂಲೆಗೆ ಹಾಕಿ ಮರೆತಿದ್ದೆ.

ಮರುದಿನ ಬೆಳಿಗ್ಗೆಯೇ ಒಂದು ಚಿಕ್ಕ ಪ್ಲೇಯರಿಗೆ ಹಾಡು ತುಂಬಿ, ಸ್ಪೀಕರ್ ಕಟ್ಟಿ, ನಾನೂ ಹುಸೇನಪ್ಪನೂ ಇಬ್ಬರೇ ಹೊರಟೆವು. ಕೆರೆ ರೆಕಾರ್ಡನ್ನು ಒಪ್ಪುತ್ತದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಜೊಂಡಿನ ಹಾಡು ಸ್ಪೀಕರಿನಿಂದ ಬಂತು. ದೋಣಿ ಹೋಯಿತು! ಹತ್ತು ಮಾರು ಹೋಯಿತು, ನೂರು ಮಾರು ಹೋಯಿತು. ಹುಸೇನಪ್ಪ ನನ್ನ ಮುಖ ನೋಡಿ ಚಿಕ್ಕವನ ಹಾಗೆ ನಕ್ಕ. ಮೂರು ನಿಮಿಷಕ್ಕೆ ಮೊದಲ ಸುತ್ತು ಮುಗಿಯಿತು, ಪ್ಲೇಯರ್ ಮತ್ತೆ ಅದನ್ನೇ ಮೊದಲಿನಿಂದ ಹಿಡಿಯಿತು. ಆ ಮುಗಿಯುವುದಕ್ಕೂ ಹಿಡಿಯುವುದಕ್ಕೂ ನಡುವೆ ಒಂದು ಸಂದು. ಕಣ್ಣು ಮಿಟುಕಿಸುವಷ್ಟು. ದೋಣಿಯ ಮೂತಿ ಮೆಲ್ಲಗೆ ಊರಿನ ಕಡೆ ತಿರುಗಿತು.

"ಇಷ್ಟಕ್ಕೇನಾ?" ಎಂದೆ.

"ಕೆರಿಗೆ ಇಷ್ಟು ಅಷ್ಟು ಇಲ್ಲವ್ವ. ಕಡೀತಂದ್ರ ಕಡೀತು," ಎಂದ ಹುಸೇನಪ್ಪ.

ಸರಿ, ಸಂದನ್ನು ಮುಚ್ಚಿದರಾಯಿತು ಎಂದುಕೊಂಡೆ. ಒಂದು ಸುತ್ತಿನ ಕೊನೆಯ ಮೇಲೆ ಮುಂದಿನ ಸುತ್ತಿನ ಮೊದಲನ್ನು ಸ್ವಲ್ಪ ಏರಿಸಿ ಹೊದಿಸಿದೆ, ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ. ನನ್ನ ಕಿವಿಗೆ ಚೆನ್ನಾಗಿಯೇ ಕೇಳಿತು. ಆದರೆ ಆ ಒಂದು ಕ್ಷಣ ಇಬ್ಬರು ನೀಲಗಂಗವ್ವರು ಒಟ್ಟಿಗೆ ಹಾಡಿದ ಹಾಗಾಗಿತ್ತು. ಇಬ್ಬರ ದನಿಯನ್ನು ಕೆರೆ ಯಾವತ್ತು ಒಪ್ಪಿದೆ? ಅದೇ ಜಾಗದಲ್ಲಿ ದೋಣಿ ತಿರುಗಿತು. ಮೂರನೆಯ ಸಲ ಬೇರೆ ಉಪಾಯ ಮಾಡಿದೆ. ಫೈಲಿನ ತಲೆಯಲ್ಲೂ ಬಾಲದಲ್ಲೂ ಸದ್ದಿಲ್ಲದ ಭಾಗವೆಷ್ಟಿದೆಯೋ ಅಷ್ಟನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ಬಿಸಾಡಿ, ದನಿಗೆ ದನಿ ತಾಗಿಸಿ ಕೂಡಿಸಿದೆ. ಈಗ ಸಂದೇ ಇಲ್ಲ. ಎರಡನೆಯ ಸುತ್ತು ಶುರುವಾಗುತ್ತಿದ್ದಂತೆ ದೋಣಿ ಒಂದು ಸಲ ನಡುಗಿತು, ಅನುಮಾನ ಪಟ್ಟ ಹಾಗೆ ನಿಂತಿತು, ಆಮೇಲೆ ತಿರುಗಿತು. ವಾಪಸ್ಸು ಬರುವಾಗ ನನಗೆ ಅಳು ಬಂತು. ಇಪ್ಪತ್ತರಲ್ಲಿ ಹನ್ನೆರಡು ದಿನ ಕಳೆದಿದ್ದವು.

ಆ ಮಧ್ಯಾಹ್ನ ನೀಲಗಂಗವ್ವನೇ ಅಂಗಡಿಗೆ ಬಂದಳು. ನಡೆದು ಬಂದದ್ದಕ್ಕೇ ಏದುಸಿರು ಬಿಡುತ್ತಿದ್ದಳು, ಉಸಿರಿನ ಜೊತೆ ಸಣ್ಣಗೆ ಸೀಟಿಯಂಥ ಸದ್ದು. ಕೂರಿಸಿ, ನೀರು ಕೊಟ್ಟು, ನಾನು ಮಾಡಿದ್ದನ್ನೆಲ್ಲ ಕೇಳಿಸಿದೆ. ಮೊದಲನೆಯದರಲ್ಲಿ ಸಂದು ಬಂದಲ್ಲಿ ಅವಳು ತೋರುಬೆರಳು ಎತ್ತಿದಳು. ಎರಡನೆಯದರಲ್ಲಿ ಹೊದಿಕೆ ಬಂದಲ್ಲಿ ಎತ್ತಿದಳು. ಮೂರನೆಯದರಲ್ಲಿ, ನನ್ನ ಕಿವಿಗೆ ಏನೂ ತಪ್ಪೇ ಕೇಳದ ಜಾಗದಲ್ಲಿ, ಬೆರಳೆತ್ತಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಸ್ಲೇಟು ಎಳೆದುಕೊಂಡು ಬರೆದಳು: "ಇಲ್ಲಿ ನಾ ಉಸಿರು ತಗೊಂಡಿದ್ದೆ. ಅದನ್ಯಾಕ ಕತ್ತರಿಸಿದಿ?"

ಅವಳು ಮತ್ತೆ ಬರೆದಳು: "ಉಸಿರೂ ಹಾಡಽ ಐತಿ."

ಅಲ್ಲಿಯವರೆಗೆ ನಾನು ಸದ್ದಿಲ್ಲದ್ದೆಲ್ಲ ಒಂದೇ ಎಂದುಕೊಂಡಿದ್ದೆ. ಈಗ ಕಂಪ್ಯೂಟರಿನಲ್ಲಿ ಹಾಡಿನ ಗೆರೆಯನ್ನು ದೊಡ್ಡದು ಮಾಡಿ ನೋಡಿದರೆ ಬೇರೆಯೇ ಕಂಡಿತು. ಫೈಲಿನ ತೀರಾ ತುದಿಯಲ್ಲಿ ಗೆರೆ ಹಲಗೆಯ ಹಾಗೆ ಚಪ್ಪಟೆ, ಅದು ಸತ್ತ ಮೌನ. ಅದರ ಪಕ್ಕದಲ್ಲಿ, ಅವಳು ಉಸಿರು ಎಳೆದುಕೊಂಡಲ್ಲಿ, ಗೆರೆ ಸಣ್ಣಗೆ ಅಲುಗುತ್ತಿತ್ತು. ಗಾಳಿ, ನೀರು, ಹುಟ್ಟಿನ ಸದ್ದು, ಅವಳ ಗಂಟಲು ಎಲ್ಲವೂ ಅದರಲ್ಲಿದ್ದವು. ನಾನು ಎರಡನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಿದ್ದೆ. ಆದರೆ ಈ ಹಲಗೆಯಂಥ ಮೌನ ಬಂದದ್ದೆಲ್ಲಿಂದ? ಟೀಚರ್ ದೋಣಿಯಲ್ಲಿ ಕೂತು ಹಿಡಿದ ಹಾಡಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಎಲ್ಲಿಯವರೆಗೆ ಸತ್ತದ್ದು, ಎಲ್ಲಿಂದ ಉಸಿರು ಎಂದು ಕಣ್ಣಳತೆಯಲ್ಲಿ ಹೇಳುವುದೂ ಕಷ್ಟವಾಗಿತ್ತು. ಒಂದಕ್ಕೊಂದು ಕರಗಿಹೋಗಿದ್ದವು.

ಪ್ರಫುಲ್ಲಾ ಟೀಚರ ನಂಬರ್ ಹುಡುಕಿ ಫೋನ್ ಮಾಡಿದೆ. ಹನ್ನೆರಡು ವರ್ಷವಾಗಿತ್ತು. ಹೆಸರು ಹೇಳುವ ಮೊದಲೇ ದನಿ ಗುರುತು ಹಿಡಿದರು. ನಾನು ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ದಾಕ್ಷಾಯಣಿ, ನೀನು ಮದುವೆ ಮನೆಯಲ್ಲಿ ಲಾಡು ಡಬ್ಬಿಗೆ ತುಂಬಿಸಿದ್ದೀಯಾ?" ಎಂದರು.

"ತುಂಬಿಸಿದ್ದೀನ್ರಿ."

"ಡಬ್ಬಿಗಳೆಲ್ಲ ಒಂದೇ ಅಳತೆ. ಕೊನೆಯ ಡಬ್ಬಿಗೆ ಲಾಡು ಸಾಲದೆ ಬಂದರೆ ಏನು ಮಾಡುತ್ತೀರಿ?"

"ಅಲುಗಾಡಬಾರದಂತ ಹಾಳಿ ತುರುಕತೀವ್ರಿ."

"ಇದೂ ಹಾಗೆಯೇ. ಹಾಡನ್ನು ಒತ್ತಿ ಚಿಕ್ಕದು ಮಾಡುವ ಪ್ರೋಗ್ರಾಂ ಅದನ್ನು ಒಂದೇ ಅಳತೆಯ ಡಬ್ಬಿಗಳಲ್ಲಿ ತುಂಬುತ್ತದೆ. ಕೊನೆಯ ಡಬ್ಬಿ ತುಂಬದಿದ್ದರೆ ಮೌನ ತುರುಕುತ್ತದೆ. ಶುರುವಿನಲ್ಲೂ ಅದಕ್ಕೆ ಸುಧಾರಿಸಿಕೊಳ್ಳಲು ಸ್ವಲ್ಪ ಮೌನ ಬೇಕು. ಹಾಡಿದವರು ಮಾಡಿದ ಮೌನ ಅಲ್ಲ ಅದು, ತುಂಬಿದವರು ಮಾಡಿದ್ದು."

"ಹಂಗಾದ್ರ ಎಷ್ಟು ತುರುಕೇತಿ ಅಂತ ನನಗ ಹೆಂಗ ತಿಳೀಬೇಕ್ರಿ?"

"ಫೈಲಿನ ತಲೆಯಲ್ಲೇ ಬರೆದಿದೆಯಲ್ಲ!" ಎಂದರು ಟೀಚರ್. "ಆ ಪ್ರೋಗ್ರಾಂ ಮಾಡಿದವರು ಪುಣ್ಯಾತ್ಮರು. ಮುಂದೆ ಇಷ್ಟು ತುರುಕಿದ್ದೇವೆ, ಹಿಂದೆ ಇಷ್ಟು ತುರುಕಿದ್ದೇವೆ ಅಂತ ಎರಡು ಅಂಕಿ ಬರೆದಿಡುತ್ತದೆ ಅದು. ಓದುವ ಪ್ಲೇಯರ್ ಇದ್ದರೆ ಅಷ್ಟನ್ನೇ, ಕೂದಲೆಳೆಯೂ ಹೆಚ್ಚು ಕಡಿಮೆ ಆಗದ ಹಾಗೆ, ಬಿಟ್ಟು ಬಾರಿಸುತ್ತದೆ. ನಿನ್ನ ಪ್ಲೇಯರ್ ಓದುವುದಿಲ್ಲ, ಅಷ್ಟೇ. ಇನ್ನೊಂದು ಮಾತು. ಒಂದು ಸುತ್ತು ಮುಗಿಯುವ ಮೊದಲೇ ಮುಂದಿನದನ್ನು ಅದು ಕೈಯಲ್ಲಿ ಹಿಡಿದು ಸಿದ್ಧವಾಗಿರಬೇಕು. ಮುಗಿದ ಮೇಲೆ ಹುಡುಕಲು ಹೋದರೆ ಮತ್ತೆ ಸಂದು ಬೀಳುತ್ತದೆ."

ಅಂಥ ಪ್ಲೇಯರ್ ನಮ್ಮೂರಿನಲ್ಲಿ ಸಿಗಲಿಲ್ಲ. ತರಿಸೋಣವೆಂದರೆ ದೋಣಿಯಿಲ್ಲ. ಆದರೆ ನನ್ನ ಹಳೆಯ ಪ್ಲೇಯರಿಗೇ ಹಾಕಬಹುದಾದ ಬೇರೊಂದು ಪ್ರೋಗ್ರಾಮನ್ನು ಎಲ್ಲೆಲ್ಲಿಯದೋ ಊರಿನ ಜನ ಬಿಡುವಿನ ಹೊತ್ತಿನಲ್ಲಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಆ ಎರಡು ಅಂಕಿಗಳನ್ನು ಅದು ಓದುತ್ತಿತ್ತು. ನಮ್ಮ ಕೆರೆಯ ಹೆಸರನ್ನೂ ಕೇಳದವರು ಅವರು. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಕಣ್ಣು ಮಿಟುಕಿಸುವಷ್ಟು ಸಂದು ಬೀಳಬಾರದೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು. ಪ್ಲೇಯರನ್ನು ಎರಡು ಸಲ ಕೆಡಿಸಿ ಮೂರನೆಯ ಸಲಕ್ಕೆ ಅದನ್ನು ಒಳಗೆ ಕೂರಿಸಿದೆ. ಟೀಚರ್ ಕೊಟ್ಟಿದ್ದ ಮೂಲ ಫೈಲುಗಳನ್ನೇ, ಒಂದಿಷ್ಟೂ ಕತ್ತರಿಸದೆ, ಹಾಕಿದೆ. ಗುಂಡಿ ಒತ್ತಿದರೆ ಈ ಸುತ್ತು ಪೂರ್ತಿ ಮುಗಿದ ಮೇಲೆಯೇ ಮುಂದಿನ ಹಾಡಿಗೆ ಹೋಗುವಂತೆ ಹೊಂದಿಸಿದೆ.

ನೀಲಗಂಗವ್ವನನ್ನು ಮತ್ತೆ ಕೂರಿಸಿ ಕೇಳಿಸಿದೆ. ಜೊಂಡಿನ ಹಾಡು ಮುಗಿಯಿತು, ಅವಳ ಉಸಿರು ಬಂತು, ಮತ್ತೆ ಹಾಡು ಹುಟ್ಟಿತು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಲೇ ಇತ್ತು. ಐದು ಸುತ್ತು ಕೇಳಿದ ಮೇಲೆ ಅವಳು ಸ್ಲೇಟನ್ನು ಮುಟ್ಟಲಿಲ್ಲ. ನನ್ನ ಗಲ್ಲ ಸವರಿ ಲಟಿಕೆ ಮುರಿದಳು.

ಹದಿನಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ನೀಲಗಂಗವ್ವ, ಗಿರಿಜವ್ವ, ನಾನು, ಹುಸೇನಪ್ಪ, ಮತ್ತೆ ಎರಡು ವಾರದಿಂದ ಕಾದು ಕೂತಿದ್ದ ಐದು ಜನ. ಕಟ್ಟೆಯ ಮೇಲೆ ಊರೇ ನಿಂತಿತ್ತು. ಜೊಂಡಿನ ಪಟ್ಟಿಯಲ್ಲಿ ನೀರು ತಿಳಿಯಾಗಿತ್ತು, ಆರು ಸುತ್ತಿಗೆ ಕಂಬ ಬಂತು. ಗುಂಡಿ ಒತ್ತಿದೆ. ಸುತ್ತು ಮುಗಿಯಿತು, ಉಸಿರು, ಆಳದ ಹಾಡು. ದೋಣಿ ಎಣ್ಣೆಯ ಮೇಲೆ ಜಾರಿದ ಹಾಗೆ ಮುಂದೆ ಹೋಯಿತು. ನಮ್ಮ ಎದುರಿಗೆ ಕೂತ ಹೆಂಗಸು ಬಾಯಿ ಮುಚ್ಚಿಕೊಂಡಿದ್ದಾಳೆ, ಅವಳದೇ ಹನ್ನೆರಡು ವರ್ಷದ ಹಿಂದಿನ ದನಿ ನಮ್ಮನ್ನೆಲ್ಲ ಹೊತ್ತುಕೊಂಡು ಹೋಗುತ್ತಿದೆ. ಅವಳ ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಆಳದ ನಡುವಿನಲ್ಲಿ ಗಾಳಿ ಎದ್ದಿತು. ಎದುರುಗಾಳಿ. ಹುಸೇನಪ್ಪ ಹಲ್ಲು ಕಚ್ಚಿ ಹುಟ್ಟು ಹಾಕಿದ. ಒಂಬತ್ತು, ಹನ್ನೆರಡು, ಹದಿನೇಳು ಸುತ್ತಾಯಿತು. ಒಂದೊಂದು ಸುತ್ತು ಮುಗಿಯುವಾಗಲೂ ನಾನು ಸ್ಪೀಕರಿಗೆ ಕಿವಿ ಕೊಡುತ್ತಿದ್ದೆ, ಉಸಿರು ಕೇಳಿದ ಮೇಲೆ ಮುಂದಿನ ಸುತ್ತನ್ನು ಎಣಿಸುತ್ತಿದ್ದೆ. ಇಪ್ಪತ್ತಮೂರನೆಯ ಸುತ್ತಿನ ಶುರುವಿನಲ್ಲಿ ಎರಡನೆಯ ಕಂಬ ಪಕ್ಕಕ್ಕೆ ಬಂತು. ಗುಂಡಿ ಒತ್ತಿದೆ. ಆದರೆ ಸುತ್ತು ಮುಗಿಯಲು ಇನ್ನೂ ನಾಲ್ಕು ನಿಮಿಷವಿತ್ತು. ನೀಲಗಂಗವ್ವ ಹಾಡುತ್ತಿದ್ದರೆ ಕಂಬ ಬರುವುದಕ್ಕೆ ಸರಿಯಾಗಿ ಸುತ್ತನ್ನು ಹಿಗ್ಗಿಸಿ ಕುಗ್ಗಿಸಿ ತಂದು ಮುಟ್ಟಿಸುತ್ತಿದ್ದಳು. ಪೆಟ್ಟಿಗೆಗೆ ಅದೆಲ್ಲ ಏನು ಗೊತ್ತು? ಮುಂದೆ ಹೋದರೆ ಕಲ್ಲಿನ ಪಟ್ಟಿಯಲ್ಲಿ ಆಳದ ಹಾಡಾಗುತ್ತದೆ, ದೋಣಿ ತಿರುಗುತ್ತದೆ. ಹಿಂದೆ ಸರಿದರೆ ಆಳದಲ್ಲಿ ಕಲ್ಲಿನ ಹಾಡಾಗುತ್ತದೆ, ಆಗಲೂ ತಿರುಗುತ್ತದೆ. ಕಂಬದ ಹತ್ತಿರವೇ ನಿಲ್ಲಬೇಕು, ಗಾಳಿ ನಿಲ್ಲಲು ಬಿಡುತ್ತಿಲ್ಲ.

"ಕಂಬ ಹಿಡೀರಿ! ಎಲ್ಲಾರೂ ಕಂಬ ಹಿಡೀರಿ!" ಎಂದು ಹುಸೇನಪ್ಪ ಕೂಗಿದ.

ಮೊದಲು ಎದ್ದವಳು ನೀಲಗಂಗವ್ವ. ದೋಣಿಯ ಅಂಚಿಗೆ ಮಂಡಿಯೂರಿ ಎರಡೂ ತೋಳಿನಲ್ಲಿ ಕಂಬವನ್ನು ಅಪ್ಪಿಕೊಂಡಳು. ಗಿರಿಜವ್ವ ಅವಳ ಸೊಂಟ ಹಿಡಿದಳು, ನಾನು ಒಂದು ಕೈಯಲ್ಲಿ ಸ್ಪೀಕರ್ ಅವುಚಿಕೊಂಡು ಇನ್ನೊಂದರಲ್ಲಿ ಕಂಬಕ್ಕೆ ಕಟ್ಟಿದ್ದ ಹಗ್ಗ ಹಿಡಿದೆ, ಉಳಿದವರು ಒಬ್ಬರನ್ನೊಬ್ಬರು ಹಿಡಿದರು. ಗಾಳಿ ಜಗ್ಗುತ್ತಿತ್ತು. ಹಗ್ಗ ನನ್ನ ಅಂಗೈಯ ಚರ್ಮ ಕಿತ್ತಿತು. ನೀಲಗಂಗವ್ವನ ಗಂಟಲಿನಿಂದ ಆ ಸೀಟಿಯಂಥ ಸದ್ದು ಜೋರಾಗಿ ಬರುತ್ತಿತ್ತು, ಆದರೂ ಅವಳು ತೋಳು ಬಿಡಲಿಲ್ಲ. ನಾಲ್ಕು ನಿಮಿಷ ಎಷ್ಟು ಉದ್ದವೆಂದು ನನಗೆ ಅವತ್ತು ತಿಳಿಯಿತು. ಕೊನೆಗೆ ಆಳದ ಹಾಡಿನ ಕಡೆಯ ಸಾಲು ಬಂತು, ಉಸಿರು ಬಂತು, ಕಲ್ಲಿನ ಹಾಡು ಶುರುವಾಯಿತು. "ಬಿಡ್ರಿ!" ಎಂದ ಹುಸೇನಪ್ಪ. ಬಿಟ್ಟೆವು. ದೋಣಿ ಮುಂದಕ್ಕೇ ಹೋಯಿತು.

ಆಚೆ ದಡದಲ್ಲಿ ಡಾಕ್ಟರೇ ಬಂದು ನಿಂತಿದ್ದರು. ನೀಲಗಂಗವ್ವನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಅವಳ ಎರಡೂ ತೋಳಿಗೆ ಕಂಬದ ಪಾಚಿ ಹತ್ತಿ ಹಸಿರಾಗಿತ್ತು. ಮೂರು ದಿನದ ಮೇಲೆ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲ ಎಂದು ಇನ್ನೊಂದು ವಾರಕ್ಕೆ ಗೊತ್ತಾಯಿತು. ಹೇಳಲು ಬಂದ ಡಾಕ್ಟರ ಕೈಯನ್ನು ಗಿರಿಜವ್ವ ಹಿಡಿದುಕೊಂಡು ಬಿಡಲೇ ಇಲ್ಲ. "ಮಾತು ಬರುತ್ತದೆ, ಮೆಲ್ಲಗೆ. ಹಾಡಲು ಮಾತ್ರ ಆಗುವುದಿಲ್ಲ, ಅಮ್ಮಾ," ಎಂದರು ಅವರು. ನೀಲಗಂಗವ್ವ ತಲೆಯಾಡಿಸಿದಳು. ಸ್ಲೇಟಿನಲ್ಲಿ ಬರೆದದ್ದು ಇಷ್ಟೇ: "ಸಾಕಷ್ಟು ಹಾಡೀನಿ."

ಆಸ್ಪತ್ರೆಯ ವರಾಂಡದಲ್ಲಿ ಕೂತು ನಾನು ಎರಡು ಪತ್ರ ಬರೆದೆ. ಒಂದು ಪ್ರಫುಲ್ಲಾ ಟೀಚರಿಗೆ. ಇನ್ನೊಂದು, ಆ ಪ್ರೋಗ್ರಾಂ ಬರೆದವರಿಗೆ. ಯಾರಿಗೆಂದು ಬರೆಯಲಿ? ಹೆಸರುಗಳ ಉದ್ದ ಪಟ್ಟಿಯೇ ಇತ್ತು, ಒಂದನ್ನೂ ನನಗೆ ಸರಿಯಾಗಿ ಉಚ್ಚರಿಸಲು ಬರಲಿಲ್ಲ. ನೀವು ಮಾಡಿದ್ದರಿಂದ ನಮ್ಮ ಊರಿನ ಒಬ್ಬ ಹೆಂಗಸು ಬದುಕಿದಳು, ನಿಮ್ಮ ಮನೆಯವರೆಲ್ಲ ಚೆನ್ನಾಗಿರಲಿ ಎಂದು ಬರೆದು, ಮಗಳಂತಿರುವ ದಾಕ್ಷಾಯಣಿ ಎಂದು ಸಹಿ ಹಾಕಿ, ಫೋಟೋ ಹೊಡೆದು ಕಳಿಸಿದೆ. ನಾಲ್ಕು ದಿನಕ್ಕೆ ಒಬ್ಬರಿಂದ ಉತ್ತರ ಬಂತು. ಕನ್ನಡ ಓದಲು ಬರುವುದಿಲ್ಲವಂತೆ, ಯಾರಿಂದಲೋ ಓದಿಸಿ ತಿಳಿದರಂತೆ. ಕೆರೆಯ ವಿಷಯ ಅರ್ಥವಾಗಲಿಲ್ಲ, ಆ ಅವ್ವ ಈಗ ಹೇಗಿದ್ದಾರೆ ಎಂದು ಕೇಳಿದ್ದರು.

ಒಂದು ತಿಂಗಳಿಗೆ ವಾಪಸ್ಸು ಹೊರಟೆವು. ಗಾಳಿ ಬೆನ್ನಿಗಿತ್ತು, ಬಿಸಿಲು ಹಿತವಾಗಿತ್ತು. ಕಲ್ಲಿನ ಹಾಡು ಹಾಕಿದೆ. ನೀಲಗಂಗವ್ವ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ದೋಣಿಯ ಮುಂದಿನ ಹಲಗೆಯ ಮೇಲೆ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅವಳು ಆ ಕಡೆ ಈ ಕಡೆ ತಿರುಗಿ ತಿರುಗಿ ನೋಡುವುದು ಕಂಡು, ಏನಾದರೂ ಬೇಕೇನೋ ಎಂದು ಹತ್ತಿರ ಹೋದೆ.

"ದಾಕ್ಷಾಯಣಿ," ಎಂದಳು. ಕಾಗದ ಉಜ್ಜಿದಂಥ ದನಿ, ಬಗ್ಗಿ ಕೇಳಬೇಕು. "ನಾ ಕಣ್ಣು ಮುಚ್ಚೇ ಹಾಡ್ತಿದ್ದೆ. ತೆಗದ್ರ ಹಾಡು ತಪ್ಪತಿತ್ತು. ಕಂಬ ಹತ್ರ ಬರೂವಾಗ ಹುಸೇನಿ ಹಲಗಿ ಬಡೀತಿದ್ದ, ಅದರ ಮ್ಯಾಲೇ ತಿಳಕೊಂತಿದ್ದೆ. ಈ ಕೆರಿ ನಾ ನೋಡೇ ಇಲ್ಲವ್ವ. ದವಾಖಾನಿಗೆ ಹೋಗೂ ದಿನಾನೂ ನಿನ್ನ ಪೆಟಗಿ ಬಾಯೊಳಗಽ ಜೀವ ಇತ್ತು, ಎಲ್ಲಿ ನೋಡ್ಲಿ?"

ಹುಸೇನಪ್ಪ ಕೇಳಿಸಿಕೊಂಡನೆಂದು ಕಾಣುತ್ತದೆ, ಹುಟ್ಟು ಹಾಕುವುದನ್ನು ಸಾವಕಾಶ ಮಾಡಿದ.

ಕಲ್ಲುಗಳ ಮೇಲೆ ದೊಡ್ಡ ಬಿಳಿ ಹಕ್ಕಿಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಕೊಕ್ಕಿನ ಕೆಳಗೆ ಸಂಚಿಯಂಥದ್ದು ಜೋತಿತ್ತು.

"ಅವು ಏನೋ ಹುಸೇನಿ?"

"ಹೆಜ್ಜಾರ್ಲಿ, ಅವ್ವ."

"ಇಲ್ಲೇ ಇರ್ತಾವೇನು?"

"ಯಾವಾಗ್ಲೂ ಇಲ್ಲೇ ಇರ್ತಾವು."

ಅವಳು ಬೆರಳು ಮಡಿಚಿ ಹಕ್ಕಿಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಹುಸೇನಪ್ಪ ಹುಟ್ಟನ್ನು ಪೂರ್ತಿ ಮೇಲೆತ್ತಿ ಹಿಡಿದ. ಅವಳ ಎಣಿಕೆ ಮುಗಿಯುವವರೆಗೆ ದೋಣಿ ಅಲ್ಲಿಯೇ ತೇಲಿತು, ಹಾಡು ನಡೆದೇ ಇತ್ತು.